ಅವ್ವನ ಹೆಸರಿನ ದತ್ತಿ: ಚಿನ್ನದ ಪದಕ ಬಿಟ್ಟು ಬೇರೇನಾದರೂ ಯೋಚಿಸಿ

ಪ್ರಶ್ನೆ: ನಮ್ಮವ್ವ ಧಾರವಾಡದಲ್ಲಿ ಸಸ್ಯಶಾಸ್ತ್ರದ ಮೇಡಂ ಆಗಿದ್ದಳು. ಮೊದಲು ಒಂದು ಕಾಲೇಜು, ಆಮೇಲೆ ವಿಶ್ವವಿದ್ಯಾಲಯದ ಸ್ನಾತಕೋತ್ತರ ವಿಭಾಗ. ಒಟ್ಟು 33 ವರ್ಷ ಪಾಠ ಮಾಡಿದಳು. ಹೋದ ವರ್ಷ ತೀರಿಕೊಂಡಳು. ಅವಳು ಉಳಿಸಿಟ್ಟ ದುಡ್ಡಿನಲ್ಲಿ 15 ಲಕ್ಷ ರೂಪಾಯಿಯನ್ನು ಅವಳ ಹೆಸರಿನಲ್ಲಿ ವಿಶ್ವವಿದ್ಯಾಲಯಕ್ಕೆ ಕೊಡಬೇಕೆಂದು ಮೂವರು ಮಕ್ಕಳೂ ಒಪ್ಪಿದ್ದೇವೆ. ಎಲ್ಲಿಗೆ, ಹೇಗೆ ಅನ್ನುವುದರಲ್ಲೇ ಜಗಳ. ಅಣ್ಣ ಅಮೆರಿಕದಲ್ಲಿದ್ದಾನೆ, ಅಲ್ಲಿಯ ಪೌರತ್ವ ತೆಗೆದುಕೊಂಡಿದ್ದಾನೆ. ಅವನಿಗೆ ಚಿನ್ನದ ಪದಕ ಇಡುವ ಆಸೆ. ವಿಭಾಗದ ಒಂದು ಕೋಣೆಗೆ ಅವ್ವನ ಹೆಸರಿಡಿಸಿ ಅನ್ನುತ್ತಾಳೆ ಅಕ್ಕ. ನನಗೆ ಎರಡೂ ಸರಿ ಅನ್ನಿಸುತ್ತಿಲ್ಲ. ಅವ್ವ ಬಾಟನಿ ಟೂರಿಗೆ ಹೋಗುವಾಗ ದುಡ್ಡಿಲ್ಲದ ಹುಡುಗಿಯರ ಖರ್ಚನ್ನು ಯಾರಿಗೂ ಹೇಳದೆ ತಾನೇ ಕಟ್ಟುತ್ತಿದ್ದಳು. ಮನೆಯ ಅಟ್ಟದ ಮೇಲೆ ಅವಳು ಒಣಗಿಸಿಟ್ಟ ಗಿಡಗಳ ಕಟ್ಟುಗಳು ಇನ್ನೂ ಇವೆ. ಅವನ್ನು ಏನು ಮಾಡಬೇಕೋ ಅದೂ ಗೊತ್ತಿಲ್ಲ. ದಯವಿಟ್ಟು ದಾರಿ ತೋರಿಸಿ.

ಉತ್ತರ: ಪದಕ, ಕೋಣೆ ಎರಡನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ಪತ್ರದ ಕೊನೆಯಲ್ಲಿ ಹೋಗ್ತಾ ಹೋಗ್ತಾ ಎರಡು ಮಾತು ಸೇರಿಸಿದ್ದೀರಲ್ಲ, ಟೂರಿನ ಖರ್ಚು ಮತ್ತು ಅಟ್ಟದ ಕಟ್ಟುಗಳು, ಈ 15 ಲಕ್ಷ ಹೋಗಬೇಕಾದದ್ದು ಅಲ್ಲಿಗೇ ಅಂತ ನನ್ನ ಅಭಿಪ್ರಾಯ. ನಾನು ವಿಶ್ವವಿದ್ಯಾಲಯವೊಂದರ ಹಣಕಾಸು ವಿಭಾಗದಲ್ಲಿ ಬಹಳ ವರ್ಷ ದತ್ತಿ ಫೈಲುಗಳನ್ನು ನೋಡಿಕೊಂಡವನು. ಯಾವ ದತ್ತಿ ಬದುಕುತ್ತದೆ, ಯಾವುದು ಬೀರುವಿನಲ್ಲಿ ಧೂಳು ತಿನ್ನುತ್ತದೆ ಅನ್ನುವುದು ಮೊತ್ತ ನೋಡಿ ತಿಳಿಯುವುದಿಲ್ಲ. ದತ್ತಿ ಪತ್ರದಲ್ಲಿ ಏನು ಬರೆದಿದೆ ಅಂತ ನೋಡಿದರೆ ತಿಳಿಯುತ್ತದೆ.

ಮೊದಲು ಅಣ್ಣನಿಗೆ ಪದಕದ ಲೆಕ್ಕ ತೋರಿಸಿ. 2000ನೇ ಇಸವಿಯ ಸುಮಾರಿಗೆ 10 ಗ್ರಾಂ ಚಿನ್ನದ ಬೆಲೆ ನಾಲ್ಕೂವರೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿತ್ತು. ಠೇವಣಿಗೆ ಬ್ಯಾಂಕು ಶೇ 10ರ ಹತ್ತಿರ ಬಡ್ಡಿ ಕೊಡುತ್ತಿತ್ತು. ಒಂದು ಲಕ್ಷ ಇಟ್ಟರೆ ವರ್ಷಕ್ಕೆ ಹತ್ತು ಸಾವಿರ. ಗಟ್ಟಿ ಚಿನ್ನದ ಪದಕ ಮಾಡಿಸಿ, ಊಟ ಹಾಕಿಸಿದರೂ ಉಳಿಯುತ್ತಿತ್ತು. 2025ರಲ್ಲಿ 10 ಗ್ರಾಂ ಚಿನ್ನ ಒಂದು ಲಕ್ಷ ದಾಟಿತು. ಬಡ್ಡಿ ಶೇ 6–7ಕ್ಕೆ ಇಳಿಯಿತು. ಅದೇ ಒಂದು ಲಕ್ಷದ ಬಡ್ಡಿಯಲ್ಲಿ ಇವತ್ತು ಒಂದು ಗ್ರಾಂ ಕೂಡ ಬರುವುದಿಲ್ಲ. ಘಟಿಕೋತ್ಸವಗಳಲ್ಲಿ ಕೊಡುವ ಎಷ್ಟೋ 'ಚಿನ್ನದ ಪದಕ'ಗಳಿಗೆ ಈಗ ಚಿನ್ನದ ಲೇಪ ಮಾತ್ರ ಇರುವುದು ಇದೇ ಕಾರಣಕ್ಕೆ. ಯಾರೂ ಮೋಸ ಮಾಡಿಲ್ಲ, ಬಡ್ಡಿ ಸಾಲದು ಅಷ್ಟೇ. ನಿಮ್ಮ 15 ಲಕ್ಷವನ್ನು ಪೂರ್ತಿ ಇಟ್ಟರೂ ಶೇ 6.5ರಂತೆ ವರ್ಷಕ್ಕೆ ಬರುವುದು 97,500 ರೂಪಾಯಿ. ಹತ್ತು ಗ್ರಾಂ ಚಿನ್ನಕ್ಕೂ ಸಾಲದು.

ದುಡ್ಡು ಸಾಕಾಗುತ್ತದೆ ಅಂತಲೇ ಇಟ್ಟುಕೊಳ್ಳಿ. ಪದಕ ಯಾರಿಗೆ ಹೋಗುತ್ತದೆ? ಮೊದಲ ರ‍್ಯಾಂಕ್ ಬಂದವರಿಗೆ. ಅವರಿಗೆ ಅದೇ ದಿನ ಅದೇ ವೇದಿಕೆಯಲ್ಲಿ ಇನ್ನೂ ಐದಾರು ಪದಕ ಸಿಗುತ್ತವೆ. ಪತ್ರಿಕೆಯಲ್ಲಿ ಕೊರಳ ತುಂಬ ಪದಕ ಹಾಕಿಕೊಂಡ ಫೋಟೊ ಬರುತ್ತದೆ, ಯಾವ ಪದಕ ಯಾರ ಹೆಸರಿನದು ಅಂತ ಯಾರೂ ಕೇಳುವುದಿಲ್ಲ. ನಿಮ್ಮ ಅವ್ವನ ಕಣ್ಣು ಮೊದಲ ರ‍್ಯಾಂಕಿನವರ ಮೇಲೆ ಇರಲಿಲ್ಲ ಅಂತ ನೀವೇ ಬರೆದಿದ್ದೀರಿ. ಟೂರಿನ ದಿನ ಹಾಸ್ಟೆಲ್ಲಿನಲ್ಲೇ ಉಳಿಯಬೇಕಾಗಿದ್ದ ಹುಡುಗಿಯ ಮೇಲೆ ಇತ್ತು.

ಕೋಣೆಯ ವಿಷಯ ಬೇಗ ಮುಗಿಸುತ್ತೇನೆ. ಮುಂಬೈ ವಿಶ್ವವಿದ್ಯಾಲಯದ ರಾಜಾಬಾಯಿ ಗೋಪುರ ಕೇಳಿರುತ್ತೀರಿ. ಹತ್ತಿ ವ್ಯಾಪಾರಿ ಪ್ರೇಮಚಂದ್ ರಾಯ್‌ಚಂದ್ ತಾಯಿಯ ಹೆಸರಿನಲ್ಲಿ ಆಗಿನ ಕಾಲದ ಎರಡು ಲಕ್ಷ ರೂಪಾಯಿ ಕೊಟ್ಟರು. 1878ರಲ್ಲಿ ಕಟ್ಟಿ ಮುಗಿದ ಆ 85 ಮೀಟರ್ ಗಡಿಯಾರ ಗೋಪುರ ಇವತ್ತೂ ಆ ತಾಯಿಯ ಹೆಸರನ್ನು ಹೇಳುತ್ತಿದೆ. ಆ ಮಟ್ಟದ ದುಡ್ಡಿದ್ದರೆ ಕಲ್ಲಿನಲ್ಲೇ ಹೆಸರು ಉಳಿಸಬಹುದು. 15 ಲಕ್ಷಕ್ಕೆ ಸಿಗುವುದು ಬಾಗಿಲ ಮೇಲೊಂದು ಫಲಕ. ಮುಂದಿನ ಸಲ ಸುಣ್ಣಬಣ್ಣ ಹೊಡೆದಾಗ ಅದನ್ನು ಬಿಚ್ಚಿಡುತ್ತಾರೆ, ಮತ್ತೆ ಹಾಕುವುದು ಅಲ್ಲಿರುವವರ ಮನಸ್ಸು. ಅಕ್ಕನಿಗೆ ಹೆಸರು ಕಣ್ಣಿಗೆ ಕಾಣಲೇಬೇಕು ಅಂತಿದ್ದರೆ ಅದಕ್ಕೆ ಬೇರೆ ದಾರಿ ಇದೆ, ಮುಂದೆ ಹೇಳುತ್ತೇನೆ.

ದತ್ತಿ ಉಪನ್ಯಾಸ ಮಾಡಿಸಿ ಅಂತಲೂ ಕೆಲವರು ನಿಮಗೆ ಹೇಳುತ್ತಾರೆ. ಅದು ಒಳ್ಳೆಯ ಸಂಪ್ರದಾಯ. ಕಲ್ಕತ್ತ ವಿಶ್ವವಿದ್ಯಾಲಯವನ್ನು ಬೆಳೆಸಿದ ಆಶುತೋಷ್ ಮುಖರ್ಜಿ ತೀರಿಹೋದ ಮಗಳು ಕಮಲಾ ಹೆಸರಿನಲ್ಲಿ ಉಪನ್ಯಾಸಮಾಲೆ ಇಟ್ಟರು. ತಾಯಿ ಜಗತ್ತಾರಿಣಿ ಹೆಸರಿನಲ್ಲಿ ಪದಕವನ್ನೂ ಇಟ್ಟರು. ಮೊದಲ ಪದಕ ಹೋದದ್ದು ರವೀಂದ್ರನಾಥ ಟಾಗೋರರಿಗೆ. ಆದರೆ ಉಪನ್ಯಾಸ ನಡೆಯುವುದು ಅದನ್ನು ಪ್ರತಿ ವರ್ಷ ಹಟ ಹಿಡಿದು ನಡೆಸುವ ಒಬ್ಬ ಮನುಷ್ಯನಿಂದ. ಅಂಥವರು ವಿಭಾಗದಲ್ಲಿ ಇಲ್ಲದಿದ್ದರೆ ಮಾರ್ಚ್ ಕೊನೆಯ ವಾರ, ಬಜೆಟ್ ಮುಗಿಸಲು, ಮಧ್ಯಾಹ್ನ ಮೂರಕ್ಕೆ, ಹಾಜರಿ ಸಿಗುತ್ತದೆ ಅಂತ ಕೂರಿಸಿದ ಮಕ್ಕಳ ಮುಂದೆ ಉಪನ್ಯಾಸ ಮುಗಿಯುತ್ತದೆ. ಕನ್ನಡದಲ್ಲಿ ವರ್ಷಕ್ಕೊಂದು ಮಾತು ಇರಲಿ ಅನ್ನಿಸಿದರೆ ಧಾರವಾಡದಲ್ಲೇ 1890ರಲ್ಲಿ ಶುರುವಾದ ಕರ್ನಾಟಕ ವಿದ್ಯಾವರ್ಧಕ ಸಂಘವಿದೆ. ದತ್ತಿ ಕಾರ್ಯಕ್ರಮಗಳು ಅಲ್ಲಿ ನಡೆಯುತ್ತಲೇ ಇರುತ್ತವೆ, ಕೇಳಲು ಊರಿನವರೇ ಬರುತ್ತಾರೆ. ಅದಕ್ಕೆ ಸಣ್ಣ ಮೊತ್ತ ಸಾಕು. ವಿಶ್ವವಿದ್ಯಾಲಯಕ್ಕೆ ಕೊಡುವ ದುಡ್ಡಿನ ಜೊತೆ ಅದನ್ನು ಬೆರೆಸಬೇಡಿ.

ಈಗ ಅಟ್ಟಕ್ಕೆ ಹತ್ತೋಣ. ಆದರೆ ಬರಿಗೈಯಲ್ಲಿ ಬೇಡ. ಆ ಕಾಲದಲ್ಲಿ ಒಣಗಿದ ಗಿಡಕ್ಕೆ ಹುಳು ಹಿಡಿಯದಿರಲಿ ಅಂತ ಮರ್ಕ್ಯುರಿಕ್ ಕ್ಲೋರೈಡ್ ದ್ರಾವಣದಲ್ಲಿ ಅದ್ದಿ ತೆಗೆಯುವ ರೂಢಿ ಇತ್ತು. ಅದು ಪಾದರಸದ ವಿಷ, ಹಾಳೆಯ ಮೇಲೆ ವರ್ಷಗಟ್ಟಲೆ ಉಳಿಯುತ್ತದೆ. ಕೈಗವಸು, ಮಾಸ್ಕ್ ಹಾಕಿಕೊಳ್ಳಿ. ಮಕ್ಕಳನ್ನು ಹತ್ತಿರ ಬಿಡಬೇಡಿ. ಹುಳು ಕಂಡರೆ ಸ್ಪ್ರೇ ಹೊಡೆಯಬೇಡಿ. ಹರ್ಬೇರಿಯಂಗಳಲ್ಲಿ, ಅಂದರೆ ಒಣಗಿಸಿದ ಗಿಡಗಳ ಸಂಗ್ರಹಾಲಯಗಳಲ್ಲಿ, ಕಟ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೆಲವು ದಿನ ಡೀಪ್ ಫ್ರೀಜರಿನಲ್ಲಿಟ್ಟು ಹುಳು ಕೊಲ್ಲುತ್ತಾರೆ, ಆ ಕೆಲಸ ವಿಭಾಗದವರಿಗೆ ಬಿಡಿ. ಮನೆಯ ಫ್ರಿಜ್ಜಿನಲ್ಲಿ ಮಾತ್ರ ಇಡಲೇಬೇಡಿ.

ಕಟ್ಟು ಬಿಚ್ಚಿದಾಗ ಗಿಡ ಎಷ್ಟು ಚೆನ್ನಾಗಿದೆ ಅಂತ ನೋಡಬೇಡಿ. ಹಾಳೆಯ ಕೆಳಗಿನ ಬಲಮೂಲೆಯಲ್ಲಿ ಚೀಟಿ ಇದೆಯಾ ಅಂತ ನೋಡಿ. ಇಲ್ಲವೇ ಮಡಿಸಿದ ಪೇಪರಿನ ನಡುವೆ ಪೆನ್ಸಿಲ್ಲಿನಲ್ಲಿ ಬರೆದ ಸಣ್ಣ ತುಂಡು ಕಾಗದ ಸಿಗುತ್ತದಾ ಅಂತ ನೋಡಿ. ಊರು, ತಾರೀಖು, ಎಂಥ ಜಾಗ, ಹೂವಿನ ಬಣ್ಣ, ಊರವರು ಕರೆಯುವ ಹೆಸರು, ಸಂಗ್ರಹಿಸಿದವರ ಹೆಸರು ಮತ್ತು ಕ್ರಮಸಂಖ್ಯೆ. ಇಷ್ಟಿದ್ದರೆ ಆ ಹಾಳೆಗೆ ಬೆಲೆ ಇದೆ. 1980ರ ದಶಕದಲ್ಲಿ ಕ್ಯಾಸಲ್‌ರಾಕ್ ಹತ್ತಿರ ಈ ಗಿಡ ಇತ್ತು ಅನ್ನುವುದಕ್ಕೆ ಅದು ಸಾಕ್ಷಿ. ಇವತ್ತು ಅಲ್ಲಿ ಆ ಗಿಡ ಇಲ್ಲದೇ ಹೋದರೆ ಬೆಲೆ ಇನ್ನೂ ಜಾಸ್ತಿ. ಚೀಟಿ ಇಲ್ಲದಿದ್ದರೆ, ಬೇಜಾರು ಮಾಡಿಕೊಳ್ಳಬೇಡಿ, ಅದು ಬರೀ ಒಣಗಿದ ಸೊಪ್ಪು. ಹಾಗಾಗಿ ಕಟ್ಟುಗಳ ಅನುಕ್ರಮ ಕೆಡಿಸಬೇಡಿ, ಬಿದ್ದ ಚೀಟಿಯನ್ನು ಅಂದಾಜಿನ ಮೇಲೆ ಯಾವುದೋ ಹಾಳೆಗೆ ಅಂಟಿಸಬೇಡಿ. ಅವ್ವನ ಹಳೆಯ ಡೈರಿ, ನೋಟ್‌ಬುಕ್ ಇದ್ದರೆ ಅದನ್ನೂ ಹುಡುಕಿ. ಕ್ರಮಸಂಖ್ಯೆಗಳ ಪೂರ್ತಿ ವಿವರ ಸಾಮಾನ್ಯವಾಗಿ ಅದರಲ್ಲಿರುತ್ತದೆ.

ಒಬ್ಬ ಮೇಷ್ಟ್ರು ಬಿಟ್ಟುಹೋದ ಗಿಡದ ಹಾಳೆಗಳು ಏನಾಗಬಹುದು ಅನ್ನುವುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಸಿಸಿಲ್ ಸಲ್ಡಾನಾ ಹಾಸನ ಜಿಲ್ಲೆಯ ಕಾಡುಮೇಡು ಸುತ್ತಿ ಗಿಡ ಸಂಗ್ರಹಿಸಿದರು. 1976ರಲ್ಲಿ ಆ ಜಿಲ್ಲೆಯ ಸಸ್ಯಗಳ ದೊಡ್ಡ ಗ್ರಂಥ ಬಂತು. ಆ ಕಾಲೇಜಿನಲ್ಲಿ ಬೆಳೆದ ಸಂಗ್ರಹ ಇವತ್ತು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಹರ್ಬೇರಿಯಂಗಳ ಪಟ್ಟಿಯಲ್ಲಿ ಅದರ ಗುರುತು ಈಗಲೂ 'ಜೆಸಿಬಿ', ಅಂದರೆ ಆ ಹಳೆಯ ಕಾಲೇಜಿನದೇ ಅಕ್ಷರಗಳು. ಸಂಶೋಧಕರು ಇವತ್ತೂ ಆ ಹಾಳೆಗಳನ್ನು ತೆಗೆದು ನೋಡುತ್ತಾರೆ. ನಿಮ್ಮ ಅವ್ವನ ಸಂಗ್ರಹ ಅಷ್ಟು ದೊಡ್ಡದಿರಲಿಕ್ಕಿಲ್ಲ. ಆದರೆ ಪ್ರತಿ ಹಾಳೆಯ ಮೇಲೂ ಸಂಗ್ರಹಿಸಿದವರ ಹೆಸರು ಇರಲೇಬೇಕು ಅನ್ನುವುದು ಆ ಶಾಸ್ತ್ರದ ನಿಯಮ. ಒಂದು ಹರ್ಬೇರಿಯಂ ಅವನ್ನು ಒಪ್ಪಿಕೊಂಡು ನೋಂದಾಯಿಸಿದರೆ ಅಕ್ಕನಿಗೆ ಬೇಕಾದ ಹೆಸರು ನೂರಾರು ಕಡೆ ಇರುತ್ತದೆ, ಅವ್ವನ ಕೈಬರಹದಲ್ಲೇ.

ಇದಕ್ಕೆ ದುಡ್ಡು ಬೇಕು. ಹಾಳೆಗೆ ಮತ್ತೆ ಹೊಲಿಯುವುದು, ಗುರುತು ಹಿಡಿಯುವುದು, ಈಗಿನ ವೈಜ್ಞಾನಿಕ ಹೆಸರು ಬರೆಯುವುದು, ಸ್ಕ್ಯಾನ್ ಮಾಡುವುದು, ಉಕ್ಕಿನ ಬೀರು. ವಿಭಾಗಗಳಲ್ಲಿ ಇಂಥ ಕೆಲಸಕ್ಕೆ ಜನರೂ ಕಡಿಮೆ, ಅನುದಾನವೂ ಕಡಿಮೆ. ನಿಮ್ಮ 15 ಲಕ್ಷದಲ್ಲಿ ಮೂರು ಲಕ್ಷವನ್ನು ಇದಕ್ಕೆ ಎತ್ತಿಡಿ. ಎಂ.ಎಸ್ಸಿ. ಮುಗಿಸಿದ ಒಬ್ಬ ಹುಡುಗನಿಗೋ ಹುಡುಗಿಗೋ ಒಂದು ವರ್ಷ ತಿಂಗಳ ಸಂಭಾವನೆ ಕೊಟ್ಟು ಮಾಡಿಸಬಹುದು. ಬೀರುವಿನ ಮೇಲೆ ಅವ್ವನ ಹೆಸರು ಹಾಕಿಸಿ. ಅಕ್ಕ ಒಪ್ಪಬಹುದು.

ಉಳಿದ 12 ಲಕ್ಷ ಟೂರಿಗೆ.

ಬಡ ಮಕ್ಕಳಿಗೆ ಫೀ ಕಟ್ಟಲು ವಿದ್ಯಾರ್ಥಿವೇತನಗಳಿವೆ, ಸರ್ಕಾರದ ಪೋರ್ಟಲ್ಲಿನಲ್ಲಿ ಅರ್ಜಿ ಹಾಕುತ್ತಾರೆ. ಟೂರಿನ ಖರ್ಚಿಗೆ ಆ ಪೋರ್ಟಲ್ಲಿನಲ್ಲಿ ಕಾಲಂ ಇಲ್ಲ. ಬಸ್ ಬಾಡಿಗೆ, ಊಟ, ತಂಗುವ ಜಾಗ ಎಲ್ಲವನ್ನೂ ಮಕ್ಕಳ ನಡುವೆ ಹಂಚುತ್ತಾರೆ. ತಲೆಗೆ ಮೂರು–ನಾಲ್ಕು ಸಾವಿರ ಅಂದರೆ ಹೊಟ್ಟೆನೋವು, ಅಜ್ಜಿಗೆ ಹುಷಾರಿಲ್ಲ, ಮನೆಯಲ್ಲಿ ಕಾರ್ಯ ಅಂತ ಹೇಳುವವರು ಪ್ರತಿ ತರಗತಿಯಲ್ಲೂ ಇರುತ್ತಾರೆ. ದುಡ್ಡಿಲ್ಲ ಅಂತ ಯಾರೂ ಹೇಳುವುದಿಲ್ಲ. ನಿಮ್ಮ ಅವ್ವ ಅದನ್ನು ಕೇಳದೆಯೇ ತಿಳಿದುಕೊಳ್ಳುತ್ತಿದ್ದರು ಅಂತ ಕಾಣುತ್ತದೆ. ಅದೇ ಅವರ ಪಾಠದ ರೀತಿ. ದತ್ತಿಯೂ ಹಾಗೇ ಇರಬೇಕು. ಅರ್ಜಿ, ಆದಾಯ ಪತ್ರ, ಸಂದರ್ಶನ ಅಂತ ಇಟ್ಟರೆ ಅದೇ ಹುಡುಗಿ ಮತ್ತೆ ಹೊಟ್ಟೆನೋವು ಅನ್ನುತ್ತಾಳೆ. ಬಸ್ಸಿನ ಬಾಡಿಗೆ ಪೂರ್ತಿ ಈ ನಿಧಿಯದು ಅಂತ ಮಾಡಿಬಿಡಿ. ಆಗ ಎಲ್ಲರಿಗೂ ಒಂದೇ ಲೆಕ್ಕ, ಯಾರೂ ಕೈಯೊಡ್ಡಬೇಕಿಲ್ಲ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ನನ್ನ ಮಟ್ಟಿಗೆ ಇಡೀ ದತ್ತಿಯ ತಿರುಳು ಇದೇ.

ಧಾರವಾಡಕ್ಕೆ ಈ ವಿಷಯದಲ್ಲಿ ಅದೃಷ್ಟವಿದೆ. ಊರು ಮಲೆನಾಡಿಗೂ ಬಯಲುಸೀಮೆಗೂ ನಡುವೆ ಕೂತಿದೆ. ಪಶ್ಚಿಮಕ್ಕೆ ಹೊರಟರೆ ದಾಂಡೇಲಿ, ಅಣಶಿ, ಕ್ಯಾಸಲ್‌ರಾಕ್. ಪೂರ್ವಕ್ಕೆ ಹೊರಟರೆ ಗದಗದ ಕಪ್ಪತಗುಡ್ಡ. ಒಂದು ಕಡೆ ನಿತ್ಯಹಸಿರು ಕಾಡು, ಇನ್ನೊಂದು ಕಡೆ ಕುರುಚಲು ಗುಡ್ಡದ ಔಷಧಿ ಗಿಡಗಳು. ಆದರೆ ನಿಮ್ಮ ಅವ್ವನ ಕಾಲದ ಹಾಗೆ ಹೋಗಿ ಗಿಡ ಕಿತ್ತು ತರುವ ಹಾಗಿಲ್ಲ. ದಾಂಡೇಲಿ, ಅಣಶಿ ಈಗ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ. ಒಳಗೆ ಹೋಗಲು, ಮಾದರಿ ತರಲು ಅರಣ್ಯ ಇಲಾಖೆಯ ಅನುಮತಿ ಬೇಕು, ಆ ಕಾಗದ ಓಡಾಡಲು ತಿಂಗಳುಗಳೇ ಬೇಕು. ಹಾಗಾಗಿ ದತ್ತಿ ಪತ್ರದಲ್ಲಿ ಜಾಗದ ಹೆಸರು ಬರೆಯಬೇಡಿ.

ದುಡ್ಡು ಇಡುವ ರೀತಿಗೆ ಮೂರು ಆಯ್ಕೆ. 12 ಲಕ್ಷಕ್ಕೆ ಶೇ 6.5 ಬಡ್ಡಿ ಅಂತ ಹಿಡಿಯಿರಿ, ವರ್ಷಕ್ಕೆ 78,000. ಪೂರ್ತಿ ಖರ್ಚು ಮಾಡಿದರೆ ಅಸಲು ಹಾಗೇ ಇರುತ್ತದೆ, ಆದರೆ ನಲವತ್ತು ವರ್ಷದ ಮೇಲೂ ಕೈಗೆ ಬರುವುದು ಅದೇ 78,000. ಬಸ್ ಬಾಡಿಗೆ ಅಲ್ಲಿಯವರೆಗೆ ನಿಂತಿರುತ್ತದಾ? ಎರಡನೆಯದು, ಶೇ 4 ಮಾತ್ರ ಖರ್ಚು ಮಾಡಿ ಉಳಿದ ಶೇ 2.5 ಅಸಲಿಗೆ ಸೇರಿಸುವುದು. ಶುರುವಿಗೆ ಬರುವುದು 48,000 ಅಷ್ಟೇ. 20 ವರ್ಷಕ್ಕೆ ಅದು 78,000 ದಾಟುತ್ತದೆ, 40 ವರ್ಷಕ್ಕೆ 1.29 ಲಕ್ಷದ ಹತ್ತಿರ ಬರುತ್ತದೆ. ಮೂರನೆಯದನ್ನು ನಮ್ಮಲ್ಲಿ ಯಾರೂ ಯೋಚಿಸುವುದೇ ಇಲ್ಲ. ಅಸಲನ್ನೂ ಸೇರಿಸಿ 20 ವರ್ಷದಲ್ಲಿ ಮುಗಿಸುವುದು. ವರ್ಷಕ್ಕೆ ಸುಮಾರು 1.09 ಲಕ್ಷ ಸಿಗುತ್ತದೆ. 10 ವರ್ಷದಲ್ಲಿ ಮುಗಿಸಿದರೆ ಸುಮಾರು 1.67 ಲಕ್ಷ.

'ಅವ್ವನ ಹೆಸರು ಶಾಶ್ವತವಾಗಿ ಇರಬೇಡವೇ' ಅಂತ ಅಣ್ಣ ಕೇಳುತ್ತಾನೆ. ಶಾಶ್ವತ ಅಂತ ಇಟ್ಟ ದತ್ತಿಗಳ ಪಟ್ಟಿ ನಾನು ನೋಡಿದ್ದೇನೆ. ಹಿಂದೆ ಐದು ಸಾವಿರ, ಹತ್ತು ಸಾವಿರ ಇಟ್ಟವರ ಹೆಸರಿನಲ್ಲಿ ಇವತ್ತು ವರ್ಷಕ್ಕೆ ಮುನ್ನೂರು, ಆರುನೂರು ರೂಪಾಯಿ ಬಹುಮಾನ. ಅದನ್ನು ಪಡೆಯಲು ಬರುವ ವಿದ್ಯಾರ್ಥಿಗೆ ಬಸ್ ಚಾರ್ಜೇ ಅದಕ್ಕಿಂತ ಜಾಸ್ತಿ ಆಗುತ್ತದೆ, ಹಾಗಾಗಿ ಬರುವುದೇ ಇಲ್ಲ. ನನ್ನ ಆಯ್ಕೆ 20 ವರ್ಷದ್ದು. ಅಷ್ಟು ದಿನ ಅವ್ವನನ್ನು ಕಂಡವರು ಊರಿನಲ್ಲಿ, ವಿಭಾಗದ ಸುತ್ತಮುತ್ತ ಇರುತ್ತಾರೆ. ಆಮೇಲೆ ನಿಮ್ಮ ಮಕ್ಕಳಿಗೆ ಮನಸ್ಸಿದ್ದರೆ ಮತ್ತೆ ತುಂಬುತ್ತಾರೆ. ಒಂದು ತೊಡಕು ಇದೆ: ಅಸಲು ಮುಟ್ಟಬಾರದು ಅನ್ನುವ ನಿಯಮ ನಿಮ್ಮ ವಿಶ್ವವಿದ್ಯಾಲಯದಲ್ಲಿ ಇರಬಹುದು. ಇದ್ದರೆ ಎರಡನೇ ದಾರಿ ಹಿಡಿಯಿರಿ. ಮೊದಲನೆಯದು ಮಾತ್ರ ಬೇಡ.

ಇನ್ನು ದತ್ತಿ ಪತ್ರ. ಹೆಚ್ಚಿನ ಕುಟುಂಬಗಳು ಮೊತ್ತದ ಬಗ್ಗೆ ತಿಂಗಳುಗಟ್ಟಲೆ ಮಾತಾಡಿ, ಪತ್ರವನ್ನು ಯಾರೋ ಟೈಪ್ ಮಾಡಿ ಕೊಟ್ಟ ನಮೂನೆಯಲ್ಲೇ ಸಹಿ ಮಾಡುತ್ತವೆ. ನಾನು ನೋಡಿದ ಒಂದು ಫೈಲಿನಲ್ಲಿ 'ದ್ವಿತೀಯ ವರ್ಷದ ಮೂರನೇ ಪತ್ರಿಕೆಯಲ್ಲಿ ಅತಿ ಹೆಚ್ಚು ಅಂಕ ಪಡೆದವರಿಗೆ' ಅಂತ ಇತ್ತು. ಸೆಮಿಸ್ಟರ್ ಬಂತು, ಮೂರನೇ ಪತ್ರಿಕೆಯೇ ಇಲ್ಲವಾಯಿತು, ಬಹುಮಾನವೂ ನಿಂತಿತು. ಇನ್ನೊಂದರಲ್ಲಿ ಇಂಥ ತಾಲ್ಲೂಕಿನ, ಇಂಥ ಸಮಾಜದ, ಇಂಥ ವಿಷಯದಲ್ಲಿ ಮೊದಲ ದರ್ಜೆ ಪಡೆದ ಹುಡುಗಿಗೆ ಅಂತ ಇತ್ತು. ಎಷ್ಟೋ ವರ್ಷ ಅಂಥ ಹುಡುಗಿಯೇ ಸಿಗಲಿಲ್ಲ. ಬಡ್ಡಿ ಬೆಳೆಯುತ್ತಾ ಹೋಯಿತು, ಯಾರಿಗೂ ಕೊಡುವಂತಿಲ್ಲ. ಜಾತಿಯ ಷರತ್ತು ಬೇಡವೇ ಬೇಡ. ಸಾರ್ವಜನಿಕ ವಿಶ್ವವಿದ್ಯಾಲಯದಲ್ಲಿ ಅದು ತಕರಾರಿನ ಮೂಲ, ಮೇಲಾಗಿ ನಿಮ್ಮ ಅವ್ವ ಬಸ್ಸಿಗೆ ದುಡ್ಡು ಕಟ್ಟುವ ಮುಂಚೆ ಯಾರ ಜಾತಿ ಕೇಳಿದ್ದರು?

ವಿಶ್ವವಿದ್ಯಾಲಯವೇ ಬದಲಾಗುತ್ತದೆ ಅನ್ನುವುದನ್ನೂ ನೆನಪಿಡಿ. ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದ ಬೆಳಗಾವಿ, ವಿಜಯಪುರ, ಬಾಗಲಕೋಟೆಯ ಕಾಲೇಜುಗಳು 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಹೋದವು. ಆಮೇಲೆ ಹಾವೇರಿಗೂ ಬೇರೆ ವಿಶ್ವವಿದ್ಯಾಲಯ ಬಂತು. ಪದವಿಯೂ ಹಾಗೇ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಹೆಸರಿನಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷಕ್ಕೆ ಬಂತು. ವಿಷಯಗಳ ಹೆಸರು, ಪತ್ರಿಕೆಗಳ ಹೆಸರು ಎರಡು ಸಲ ಬದಲಾದವು. ಸಸ್ಯಶಾಸ್ತ್ರ ವಿಭಾಗ ಮುಂದೊಂದು ದಿನ ಜೀವವಿಜ್ಞಾನ ವಿಭಾಗದಲ್ಲಿ ಸೇರಿಹೋಗಬಹುದು.

ಆದ್ದರಿಂದ ಪತ್ರದಲ್ಲಿ ಉದ್ದೇಶ ಗಟ್ಟಿಯಾಗಿರಲಿ, ವಿವರ ಸಡಿಲವಾಗಿರಲಿ. ನಾನಾದರೆ ಸುಮಾರು ಹೀಗೆ ಬರೆಯುತ್ತೇನೆ:

'ಸಸ್ಯಗಳ ಬಗ್ಗೆ ಓದುವ ಯಾವ ವಿದ್ಯಾರ್ಥಿಯೂ ದುಡ್ಡಿಲ್ಲ ಎಂಬ ಕಾರಣಕ್ಕೆ ಕ್ಷೇತ್ರ ಅಧ್ಯಯನ ತಪ್ಪಿಸಿಕೊಳ್ಳಬಾರದು ಎಂಬುದು ಈ ನಿಧಿಯ ಉದ್ದೇಶ. ನಿಧಿಯ ಹಣವನ್ನು ಮೊದಲು ಪ್ರಯಾಣಕ್ಕೆ, ಉಳಿದರೆ ಊಟ ಮತ್ತು ವಸತಿಗೆ ಬಳಸತಕ್ಕದ್ದು. ಯಾವುದೇ ವರ್ಷ ಪ್ರವಾಸ ನಡೆಯದಿದ್ದರೆ ಆ ವರ್ಷದ ಹಣವನ್ನು ಮುಂದಿನ ವರ್ಷಕ್ಕೆ ಸೇರಿಸತಕ್ಕದ್ದು, ಬೇರೆ ಕೆಲಸಕ್ಕೆ ಬಳಸತಕ್ಕದ್ದಲ್ಲ. ವಿಭಾಗ ಅಥವಾ ಪಠ್ಯಕ್ರಮ ಬದಲಾದರೆ ಇದೇ ಉದ್ದೇಶಕ್ಕೆ ಅತ್ಯಂತ ಹತ್ತಿರವಾದ ಬಳಕೆಯನ್ನು ವಿಭಾಗದ ಅಧ್ಯಾಪಕರ ಸಭೆ ಸೂಚಿಸಿ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್‌ನ ಒಪ್ಪಿಗೆ ಪಡೆಯತಕ್ಕದ್ದು.'

ಇಷ್ಟೇ ಸಾಕು. ಜೊತೆಗೆ ಅವ್ವನ ಬಗ್ಗೆ ಒಂದು ಪ್ಯಾರಾ ಸೇರಿಸಿ. ಹುಟ್ಟಿದ ದಿನ, ಪದವಿ, ಸನ್ಮಾನಗಳ ಪಟ್ಟಿ ಬೇಡ. ಅವರು ತರಗತಿಯಲ್ಲಿ ಏನು ಮಾಡುತ್ತಿದ್ದರು ಅಂತ ಬರೆಯಿರಿ. ಹಳೆಯ ವಿದ್ಯಾರ್ಥಿಗಳಲ್ಲಿ ನಾಲ್ಕೈದು ಜನಕ್ಕೆ ಫೋನ್ ಮಾಡಿ. 'ಮೇಡಂ ಬಗ್ಗೆ ಏನಾದರೂ ಹೇಳಿ' ಅಂದರೆ ತುಂಬ ಒಳ್ಳೆಯವರು ಅಂತಾರೆ, ಅದು ಉಪಯೋಗಕ್ಕೆ ಬರುವುದಿಲ್ಲ. 'ಮೇಡಂ ಜೊತೆ ಹೋದ ಟೂರಿನಲ್ಲಿ ಏನು ನಡೆಯಿತು' ಅಂತ ಕೇಳಿ. ಆಮೇಲೆ ನಿಲ್ಲಿಸುವುದು ನಿಮಗೇ ಕಷ್ಟ. ಇಪ್ಪತ್ತು ವರ್ಷದ ಮೇಲೆ ವಿಭಾಗದ ಮುಖ್ಯಸ್ಥರಾಗಿ ಬರುವವರಿಗೆ ಅವ್ವ ಯಾರೆಂದು ಗೊತ್ತಿರುವುದಿಲ್ಲ. ಫೈಲಿನಲ್ಲಿ ಆ ಪ್ಯಾರಾ ಇದ್ದರೆ ದುಡ್ಡನ್ನು ಹೇಗೆ ಖರ್ಚು ಮಾಡಬೇಕು ಅಂತ ಅವರಿಗೆ ತಿಳಿಯುತ್ತದೆ.

ಕಚೇರಿಯ ದಾರಿ ಹೀಗೆ. ಮೊದಲು ವಿಭಾಗದ ಮುಖ್ಯಸ್ಥರ ಜೊತೆ ಬಾಯಿಮಾತು. ಅವರಿಗೆ ಬೇಡವಾದ ದತ್ತಿಯನ್ನು ಕುಲಪತಿಗಳೇ ಒಪ್ಪಿದರೂ ನಡೆಸುವವರು ಇರುವುದಿಲ್ಲ. ಆಮೇಲೆ ಕುಲಸಚಿವರಿಗೆ ಪತ್ರ, ಹಣಕಾಸು ಅಧಿಕಾರಿಯ ಜೊತೆ ಕರಡು, ಕೊನೆಗೆ ಸಿಂಡಿಕೇಟ್ ಒಪ್ಪಿಗೆ. ಒಪ್ಪಿಗೆಯ ನಡಾವಳಿ ಕೈಗೆ ಬರುವ ಮುಂಚೆ ಚೆಕ್ ಕೊಡಬೇಡಿ, ಎಷ್ಟೇ ಪರಿಚಯದವರು ಕೇಳಲಿ. ದುಡ್ಡು ಪ್ರತ್ಯೇಕ ಠೇವಣಿಯಲ್ಲಿ, ಅವ್ವನ ನಿಧಿಯ ಹೆಸರಿನಲ್ಲೇ ಇರಬೇಕು. ರಾಜ್ಯದ ಕೆಲವು ಹಳೆಯ ವಿಶ್ವವಿದ್ಯಾಲಯಗಳು ಪಿಂಚಣಿ ಕೊಡಲೂ ಒದ್ದಾಡುತ್ತಿರುವ ಕಾಲ ಇದು. ಸಾಮಾನ್ಯ ಖಾತೆಯಲ್ಲಿ ಬಿದ್ದ ದುಡ್ಡು ಕಷ್ಟಕಾಲದಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತದೆ. ವರ್ಷಕ್ಕೊಮ್ಮೆ ಒಂದು ಪುಟದ ಲೆಕ್ಕ ಕುಟುಂಬಕ್ಕೆ ಕಳಿಸಬೇಕು ಅಂತ ಪತ್ರದಲ್ಲೇ ಹಾಕಿಸಿ. ಯಾರನ್ನು ಕರೆದೊಯ್ಯಬೇಕು, ಯಾರಿಗೆ ಕೊಡಬೇಕು ಅನ್ನುವ ಅಧಿಕಾರ ಮಾತ್ರ ಕುಟುಂಬ ಇಟ್ಟುಕೊಳ್ಳಬಾರದು.

ತೆರಿಗೆಯ ಬಗ್ಗೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ದೇಣಿಗೆಗೆ ಸಿಗುವ 80ಜಿ ವಿನಾಯ್ತಿ ಇಲ್ಲ. ಹಳೆಯದರಲ್ಲಿ ಇದ್ದರೂ ಸಾಮಾನ್ಯವಾಗಿ ಕೊಟ್ಟದ್ದರ ಅರ್ಧಕ್ಕೆ, ಅದೂ ಒಟ್ಟು ಆದಾಯದ ಶೇ 10ರ ಮಿತಿಯೊಳಗೆ. ಆದಾಯ 12 ಲಕ್ಷ ಇದ್ದವರು ಐದು ಲಕ್ಷ ಕೊಟ್ಟರೆ ಲೆಕ್ಕಕ್ಕೆ ಬರುವುದು 1.2 ಲಕ್ಷ, ತೆರಿಗೆ ಹಾಕುವ ಆದಾಯದಲ್ಲಿ ಕಳೆಯುವುದು 60,000. ಮಾರ್ಚ್‌ನಲ್ಲಿ ಒಂದು ಕಂತು, ಏಪ್ರಿಲ್‌ನಲ್ಲಿ ಒಂದು ಕಂತು ಕೊಟ್ಟರೆ ಎರಡು ವರ್ಷದ ಮಿತಿ ಸಿಗುತ್ತದೆ. ನಗದು ಎರಡು ಸಾವಿರ ದಾಟಿದರೆ ಏನೂ ಸಿಗುವುದಿಲ್ಲ. 2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಾಗಿ ಕಲಮಿನ ಸಂಖ್ಯೆ ಬದಲಾಗಿದೆ, ಎಲ್ಲರೂ ಇನ್ನೂ 80ಜಿ ಅಂತಲೇ ಕರೆಯುತ್ತಾರೆ. ಅವ್ವನ ಖಾತೆಗೆ ನಾಮಿನಿ ಆಗಿರುವವರು ದುಡ್ಡಿನ ಒಡೆಯರಲ್ಲ, ವಾರಸುದಾರರ ಪರವಾಗಿ ಪಡೆಯುವವರು ಅಷ್ಟೇ. ಹಾಗಾಗಿ ಮೊದಲು ಮೂವರ ಪಾಲು ಕಾಗದದಲ್ಲಿ ಇತ್ಯರ್ಥವಾಗಲಿ. ರಸೀದಿ ಯಾರು ಕೊಟ್ಟರೋ ಅವರವರ ಪ್ಯಾನ್ ಸಂಖ್ಯೆಗೆ ಬರಲಿ.

ಅಣ್ಣನ ಪಾಲಿಗೆ ಬೇರೆಯೇ ಕಾನೂನು. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿ ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಅಮೆರಿಕದ ಪೌರ ಕೊಟ್ಟರೆ, ಒಸಿಐ (ಸಾಗರೋತ್ತರ ಭಾರತೀಯ ಪೌರ) ಕಾರ್ಡ್ ಇದ್ದರೂ, ರೂಪಾಯಿಯಲ್ಲೇ ಕೊಟ್ಟರೂ ಅದು ವಿದೇಶಿ ದೇಣಿಗೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಅಥವಾ ಪೂರ್ವಾನುಮತಿ ಇರುವ ಸಂಸ್ಥೆ ಮಾತ್ರ ಅದನ್ನು ಪಡೆಯಬಹುದು, ಅದೂ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಯ ಮೂಲಕ. ಕಾಯ್ದೆಯಿಂದ ಸ್ಥಾಪನೆಯಾಗಿ, ಸಿಎಜಿ (ಭಾರತದ ಮಹಾ ಲೆಕ್ಕ ಪರಿಶೋಧಕರ) ಲೆಕ್ಕ ತಪಾಸಣೆ ಕಡ್ಡಾಯವಾಗಿರುವ ಸಂಸ್ಥೆಗಳಿಗೆ 2020ರ ಅಧಿಸೂಚನೆಯಲ್ಲಿ ವಿನಾಯ್ತಿ ಇದೆ. ನಿಮ್ಮ ವಿಶ್ವವಿದ್ಯಾಲಯ ಆ ಸಾಲಿಗೆ ಬರುತ್ತದಾ ಅಂತ ಹಣಕಾಸು ಅಧಿಕಾರಿಯಿಂದ ಬರಹದಲ್ಲಿ ಪಡೆಯಿರಿ. ಅಲ್ಲಿಯವರೆಗೆ ಅಣ್ಣನ ಪಾಲನ್ನು ಕಳಿಸಬೇಡಿ. ಅವ್ವನ ಆಸ್ತಿಯಲ್ಲಿ ಅವನ ಹಕ್ಕನ್ನು ಹೇಗೆ ನಡೆಸಬೇಕು ಅನ್ನುವುದನ್ನು ಈ ಕಾನೂನು ಗೊತ್ತಿರುವ ಚಾರ್ಟರ್ಡ್ ಅಕೌಂಟೆಂಟ್ ಹತ್ತಿರ ಒಮ್ಮೆ ಕೂತು ಮಾತಾಡಿ. ಅವರ ಫೀ ದಂಡವಲ್ಲ.

ಕೊನೆಗೊಂದು ಮಾತು. 12 ಲಕ್ಷವನ್ನು ಈ ವರ್ಷವೇ ಕೊಡಬೇಡಿ. ಟೂರು ಸಾಮಾನ್ಯವಾಗಿ ಮಳೆ ನಿಂತ ಮೇಲೆ ಹೊರಡುತ್ತದೆ. ಈ ಸಲದ ಬಸ್ ಬಾಡಿಗೆ ನಮ್ಮದು ಅಂತ ಮುಖ್ಯಸ್ಥರಿಗೆ ಹೇಳಿ, 50,000 ರೂಪಾಯಿಯನ್ನು ವಿಶ್ವವಿದ್ಯಾಲಯದ ಖಾತೆಗೆ ರಸೀದಿ ಪಡೆದು ಕಟ್ಟಿ. ಎಷ್ಟು ಮಕ್ಕಳು ಹೋದರು, ಯಾರು ಉಳಿದರು, ಬಿಲ್ಲು ಎಷ್ಟು ದಿನಕ್ಕೆ ಬಂತು ಅಂತ ನೋಡಿ. ಲೆಕ್ಕ ಒಂದೆರಡು ತಿಂಗಳಲ್ಲಿ ಬಂದರೆ ಕರಡು ಪತ್ರ ತೆಗೆದುಕೊಂಡು ಕುಲಸಚಿವರ ಕಚೇರಿಗೆ ಹೋಗಿ. ಮುಂದಿನ ಬೇಸಿಗೆಯವರೆಗೂ ಬರದಿದ್ದರೆ, ಅವ್ವ ಮೊದಲು ಪಾಠ ಮಾಡಿದ ಆ ಕಾಲೇಜು ಇದೆಯಲ್ಲ, ಇದೇ ಕರಡನ್ನು ಅಲ್ಲಿಗೆ ಒಯ್ಯಿರಿ. ಅಲ್ಲಿಯ ಪದವಿ ಮಕ್ಕಳೂ ಟೂರಿಗೆ ಹೋಗುತ್ತಾರೆ.